ವೈದ್ಯರ ತರಬೇತಿಯಲ್ಲಿ ರೋಬೋಟ್ ಸಿಮ್ಯುಲೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ವೈದ್ಯಕೀಯ ವಿದ್ಯಾರ್ಥಿಗಳು, ಅವರ ತಂದೆತಾಯಂದಿರು, ನರ್ಸಿಂಗ್ ಅಧ್ಯಾಪಕರು ಮತ್ತು ಆಸ್ಪತ್ರೆಯ ಅನುಭವವಿರುವ ಸಾಮಾನ್ಯ ಓದುಗರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಳ್ಳಲಾಗಿದೆ. ಸರಳವಾದವು ಮೊದಲು, ವಿವಾದವಿರುವಂಥವು ಕೊನೆಗೆ ಬರುತ್ತವೆ.

## ಮೊದಲು ತಿಳಿಯಬೇಕಾದವು

ಸಿಮ್ಯುಲೇಟರ್ ಅಂದರೆ ಬಟ್ಟೆ ಅಂಗಡಿಯ ಗೊಂಬೆ ತರಹದ್ದೇ? ಅದು ಏನೇನು ಮಾಡುತ್ತದೆ?

ಹೊರನೋಟಕ್ಕೆ ಹಾಗೆಯೇ ಕಾಣುತ್ತದೆ. ಕಾಲೇಜುಗಳಲ್ಲಿ ಅದನ್ನು ಮ್ಯಾನಿಕಿನ್ ಎಂದೇ ಕರೆಯುತ್ತಾರೆ. ಆದರೆ ಅದರ ಒಳಗೆ ಗಾಳಿಯ ಕೊಳವೆಗಳು, ಸಣ್ಣ ಮೋಟಾರುಗಳು, ಸಂವೇದಕಗಳು ಮತ್ತು ಇವೆಲ್ಲವನ್ನೂ ನಡೆಸುವ ಕಂಪ್ಯೂಟರ್ ಇರುತ್ತವೆ. ಎದೆ ಏರಿಳಿಯುತ್ತದೆ, ಕುತ್ತಿಗೆಯಲ್ಲಿಯೂ ಮಣಿಕಟ್ಟಿನಲ್ಲಿಯೂ ನಾಡಿ ಸಿಗುತ್ತದೆ, ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಸ್ಟೆತಾಸ್ಕೋಪ್ ಇಟ್ಟರೆ ಹೃದಯದ ಮತ್ತು ಉಸಿರಾಟದ ಸದ್ದು ಕೇಳುತ್ತದೆ. ನಾಲಿಗೆ ಊದಿಕೊಳ್ಳುವಂತೆ, ಒಂದೇ ಕಡೆಯ ಶ್ವಾಸಕೋಶಕ್ಕೆ ಗಾಳಿ ಹೋಗುವಂತೆ, ರಕ್ತದೊತ್ತಡ ಇದ್ದಕ್ಕಿದ್ದಂತೆ ಕುಸಿಯುವಂತೆ ಮಾಡಬಹುದು. ಕೆಲವು ಮಾದರಿಗಳಲ್ಲಿ ಸಿರಿಂಜಿಗೆ ಅಂಟಿಸಿದ ಗುರುತುಪಟ್ಟಿಯನ್ನು ಯಂತ್ರವೇ ಓದಿ, ಯಾವ ಔಷಧಿ ಎಷ್ಟು ಹೋಯಿತು ಎಂದು ಲೆಕ್ಕ ಹಾಕಿ, ಮಾನಿಟರಿನ ಅಂಕಿಗಳನ್ನು ಅದಕ್ಕೆ ತಕ್ಕಂತೆ ಬದಲಿಸುತ್ತದೆ. ರೋಗಿಯ ಮಾತನ್ನು ಮಾತ್ರ ಸಾಮಾನ್ಯವಾಗಿ ಪಕ್ಕದ ಕೋಣೆಯಲ್ಲಿ ಕುಳಿತ ಬೋಧಕರೇ ಮೈಕಿನಲ್ಲಿ ಆಡುತ್ತಾರೆ.

ಇನ್ನೊಂದು ಬಗೆಯಲ್ಲಿ ಗೊಂಬೆಯೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಯ ಹಿಡಿಕೆಗಳು ಅಥವಾ ದೇಹದೊಳಗೆ ಇಳಿಸಿ ನೋಡುವ ಎಂಡೋಸ್ಕೋಪಿನ ಕೊಳವೆ ಕೈಯಲ್ಲಿರುತ್ತದೆ, ಅಂಗಾಂಗಗಳು ಪರದೆಯ ಮೇಲೆ ಕಾಣುತ್ತವೆ, ಹಿಡಿಕೆಯೊಳಗಿನ ಮೋಟಾರುಗಳು ಕೈಗೆ ಎದುರೊತ್ತಡ ಕೊಡುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದ ಮಿಮಿಕ್ ಎಂಬ ನವೋದ್ಯಮ ಎಂಡೋಸ್ಕೋಪಿ ಕಲಿಕೆಗಾಗಿ ಇಂಥ ಯಂತ್ರವನ್ನು ರೂಪಿಸಿದೆ.

ರೋಬೋಟಿಕ್ ಸರ್ಜರಿ ಎನ್ನುತ್ತಾರಲ್ಲ, ಅದೂ ಇದೂ ಒಂದೇನಾ?

ಅಲ್ಲ. ರೋಬೋಟಿಕ್ ಸರ್ಜರಿಯಲ್ಲಿ ಯಂತ್ರದ ತೋಳುಗಳು ನಿಜವಾದ ರೋಗಿಯ ಮೇಲೆ, ವೈದ್ಯರ ಕೈಚಲನೆಯಂತೆ ಕೆಲಸ ಮಾಡುತ್ತವೆ. ಅಮೆರಿಕದಲ್ಲಿ 2000ರಲ್ಲಿ ಅನುಮತಿ ಪಡೆದ ಡ ವಿಂಚಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಸಿಮ್ಯುಲೇಟರಿನಲ್ಲಿ ಯಂತ್ರವೇ ರೋಗಿಯ ಸ್ಥಾನದಲ್ಲಿರುತ್ತದೆ. ಆ ಸರ್ಜರಿ ರೋಬೋಟನ್ನು ಬಳಸಲು ಕಲಿಯುವುದಕ್ಕೂ ಸಿಮ್ಯುಲೇಟರುಗಳಿರುವುದರಿಂದ ಎರಡೂ ಒಂದೇ ಎಂಬ ಗೊಂದಲ ಹುಟ್ಟುತ್ತದೆ.

ಹಿಂದಿನ ಡಾಕ್ಟರು ಇದ್ಯಾವುದೂ ಇಲ್ಲದೆ ಕಲಿತರು. ಅವರೇನು ಕೆಟ್ಟ ಡಾಕ್ಟರಾಗಿದ್ದರಾ?

ಖಂಡಿತ ಅಲ್ಲ. ಆದರೆ ಅವರ ಮೊದಲ ಹತ್ತಿಪ್ಪತ್ತು ಪ್ರಯತ್ನಗಳ ಬೆಲೆಯನ್ನು ಯಾರು ತೆತ್ತರು ಎಂದು ನಾವು ಕೇಳುವುದಿಲ್ಲ. ಒಮ್ಮೆ ನೋಡು, ಒಮ್ಮೆ ಮಾಡು, ಒಮ್ಮೆ ಕಲಿಸು ಎಂಬ ಪದ್ಧತಿಯಲ್ಲಿ ಹೊಸಬರ ಕೈ ಪಳಗುತ್ತಿದ್ದದ್ದು ಸರ್ಕಾರಿ ಆಸ್ಪತ್ರೆಗಳ ಬಡ ರೋಗಿಗಳ ಮೇಲೆಯೇ, ಇದನ್ನು ಬಹಿರಂಗವಾಗಿ ಹೇಳುವವರು ಕಡಿಮೆ ಅಷ್ಟೆ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿ, ಆ ದೇಶದ ಆಸ್ಪತ್ರೆಗಳಲ್ಲಿ ತಡೆಯಬಹುದಾಗಿದ್ದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದು ಎಂದು ಅಂದಾಜಿಸಿತು. ಆ ಅಂಕಿಗಳ ಬಗ್ಗೆ ಆಮೇಲೆ ಬಹಳ ಚರ್ಚೆಯಾಯಿತು. ಆದರೂ ಸಿಮ್ಯುಲೇಷನ್ ತರಬೇತಿಗೆ ಹಣವೂ ಗಮನವೂ ಹರಿದುಬರಲು ಆ ವರದಿ ಒಂದು ದೊಡ್ಡ ಕಾರಣ.

ಅಪರೂಪದ ತುರ್ತುಸ್ಥಿತಿಗಳದು ಇನ್ನೊಂದು ಕಥೆ. ಅರಿವಳಿಕೆ ಕೊಟ್ಟಾಗ ಮೈಯ ಉಷ್ಣತೆ ಅಪಾಯಕರವಾಗಿ ಏರುವ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾವನ್ನು ಅನೇಕ ಅರಿವಳಿಕೆ ತಜ್ಞರು ತಮ್ಮ ಇಡೀ ವೃತ್ತಿಜೀವನದಲ್ಲಿ ನೋಡದೆ ಇರಬಹುದು. ನೋಡಿದ ದಿನ ಮಾತ್ರ ಪುಸ್ತಕ ತೆರೆಯಲು ಸಮಯವಿರುವುದಿಲ್ಲ.

ಇದೆಲ್ಲ ಈಗಿನ ಕಂಪ್ಯೂಟರ್ ಯುಗದ ಹುಚ್ಚು ತಾನೇ?

ಕಂಪ್ಯೂಟರ್ ಹೊಸದು, ಆಲೋಚನೆ ಬಹಳ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಸಂಪೂರ್ಣವಾಗಿ ಅಭ್ಯಾಸಕ್ಕೇ ಮೀಸಲಾಗಿದೆ: ಕೊಯ್ಯುವುದನ್ನು ಸೋರೆ, ಸೌತೆಯಂಥ ಕಾಯಿಗಳ ಮೇಲೆ, ರಕ್ತನಾಳ ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ, ಶಲಾಕೆ ಹಾಕಿ ಶೋಧಿಸುವುದನ್ನು ಹುಳು ಕೊರೆದ ಮರದ ಮೇಲೆ, ಹೊರತೆಗೆಯುವುದನ್ನು ಹಲಸು ಮತ್ತು ಬಿಲ್ವದ ತಿರುಳಿನ ಮೇಲೆ, ಬಟ್ಟೆಪಟ್ಟಿ ಕಟ್ಟುವುದನ್ನು ಮನುಷ್ಯಾಕಾರದ ಗೊಂಬೆಯ ಮೇಲೆ ಕಲಿಯಬೇಕು ಎಂದು ಅದು ಹೇಳುತ್ತದೆ. ಎಲ್ಲ ಶಾಸ್ತ್ರ ಓದಿದ ಶಿಷ್ಯನಿಗೂ ಈ ಅಭ್ಯಾಸ ಮಾಡಿಸಲೇಬೇಕು ಎಂಬುದು ಅಲ್ಲಿನ ಮಾತು. ಚೀನಾದಲ್ಲಿ ವಾಂಗ್ ವೆಯ್‌ಯಿ 1027ರ ವೇಳೆಗೆ ಅಕ್ಯುಪಂಕ್ಚರ್ ಕಲಿಕೆಗೆಂದು ಕಂಚಿನ ಆಳುಮೂರ್ತಿಗಳನ್ನು ಎರಕ ಹೊಯ್ಯಿಸಿದನು. ಮೇಲೆ ಮೇಣ ಬಳಿದು ಒಳಗೆ ನೀರು ತುಂಬಿದ ಆ ಮೂರ್ತಿಯಲ್ಲಿ ಸೂಜಿ ಸರಿಯಾದ ಬಿಂದುವಿಗೆ ಹೊಕ್ಕರೆ ನೀರು ಒಸರುತ್ತಿತ್ತು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಮ್ ದು ಕುದ್ರೆ ಎಂಬ ಸೂಲಗಿತ್ತಿ, ಬಟ್ಟೆ ಮತ್ತು ಚರ್ಮದಲ್ಲಿ ತಾಯಿಯ ಸೊಂಟಭಾಗವನ್ನೂ ಮಗುವನ್ನೂ ಹೊಲಿಸಿಕೊಂಡು, ರಾಜಾಜ್ಞೆಯೊಂದಿಗೆ ಊರೂರು ಸುತ್ತಿ ಸಾವಿರಾರು ಹಳ್ಳಿ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು.

ಆಧುನಿಕ ಸರಣಿ ಶುರುವಾಗುವುದು 1960ರಲ್ಲಿ. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್, ವೈದ್ಯರ ಸಲಹೆಯಂತೆ, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸುವ ರಿಸಸಿ ಆನ್ ಎಂಬ ಗೊಂಬೆಯನ್ನು ತಂದರು. ಆ ದಶಕದ ಕೊನೆಗೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಏಬ್ರಹಾಮ್ಸನ್ ಮತ್ತು ಡೆನ್ಸನ್ ಅವರು ಕಂಪ್ಯೂಟರ್ ನಡೆಸುವ ಸಿಮ್ ಒನ್ ಅನ್ನೂ, ಮಯಾಮಿಯ ಮೈಕೆಲ್ ಗಾರ್ಡನ್ ಅವರು ಹೃದ್ರೋಗಗಳನ್ನು ಅನುಕರಿಸುವ ಹಾರ್ವಿಯನ್ನೂ ಸಿದ್ಧಪಡಿಸಿದರು. ಸಿಮ್ ಒನ್ ಒಂದೇ ಒಂದು ತಯಾರಾಯಿತು. ಅದರ ವೆಚ್ಚವನ್ನು ಭರಿಸುವವರಿರಲಿಲ್ಲ.

ಅನಾಟಮಿ ಹಾಲಿನಲ್ಲಿ ಹೆಣ ಕೊಯ್ದು ಕಲಿಯುವುದು ಸಾಲದೆ?

ದೇಹರಚನೆ ತಿಳಿಯಲು ದಾನವಾಗಿ ಬಂದ ದೇಹಕ್ಕಿಂತ ಉತ್ತಮ ಗುರು ಇಲ್ಲ. ಆದರೆ ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶ ಬಿರುಸಾಗುತ್ತದೆ. ಅದರಲ್ಲಿ ರಕ್ತ ಹರಿಯುವುದಿಲ್ಲ, ನಾಡಿ ಬಡಿಯುವುದಿಲ್ಲ, ಔಷಧಿಗೆ ಪ್ರತಿಕ್ರಿಯೆ ಇರುವುದಿಲ್ಲ. ಒಮ್ಮೆ ಕೊಯ್ದದ್ದನ್ನು ಮತ್ತೆ ಮೊದಲಿನಿಂದ ಕೊಯ್ಯಲಾಗದು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ವಾಲ್ಟರ್ ಥೀಲ್ ರೂಪಿಸಿದ ವಿಧಾನದಲ್ಲಿ ಕಾಪಿಟ್ಟ ದೇಹಗಳು ಮೆದುವಾಗಿಯೇ ಉಳಿಯುವುದರಿಂದ ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆ ಹೆಚ್ಚು ಒಗ್ಗುತ್ತವೆ, ಆದರೆ ಅವೂ ರಕ್ತಸ್ರಾವವನ್ನು ತಾವಾಗಿ ತೋರಿಸಲಾರವು. ಮೂರನ್ನೂ, ಅಂದರೆ ದೇಹ, ಯಂತ್ರ ಮತ್ತು ಹಿರಿಯರ ಕಣ್ಣಳತೆಯಲ್ಲಿ ನಿಜವಾದ ರೋಗಿಯನ್ನು, ಸರಿಯಾದ ಸರದಿಯಲ್ಲಿ ಬಳಸುವುದೇ ಲೇಸು.

## ಕಲಿಕೆ ನಡೆಯುವ ಬಗೆ

ಒಂದು ತರಗತಿ ಹೇಗಿರುತ್ತದೆ? ಬರೀ ಗೊಂಬೆಗೆ ಚುಚ್ಚಿ ಮನೆಗೆ ಹೋಗುವುದೇ?

ಹಾಗೆ ನಡೆಯುವ ತರಗತಿಗಳೂ ಇವೆ, ಅವುಗಳಿಂದ ಪ್ರಯೋಜನ ಕಡಿಮೆ. ಸರಿಯಾದ ತರಗತಿಗೆ ಮೂರು ಹಂತಗಳಿರುತ್ತವೆ. ಮೊದಲಿಗೆ ಬೋಧಕರು ಈ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು, ಇಲ್ಲಿ ಆದ ತಪ್ಪು ಹೊರಗೆ ಯಾರ ಕಿವಿಗೂ ಬೀಳುವುದಿಲ್ಲ ಎಂಬುದನ್ನು ತಿಳಿಸುತ್ತಾರೆ. ನಂತರ ಸನ್ನಿವೇಶ: ಹೆರಿಗೆಯಾದ ಇಪ್ಪತ್ತು ನಿಮಿಷಕ್ಕೆ ರಕ್ತಸ್ರಾವ ನಿಲ್ಲದ ತಾಯಿ, ಅಥವಾ ಆಂಟಿಬಯೊಟಿಕ್ ಚುಚ್ಚಿದ ಕೂಡಲೇ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತಿರುವ ಯುವಕ. ಒಬ್ಬ ಹೌಸ್ ಸರ್ಜನ್, ಒಬ್ಬ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ), ಇಬ್ಬರು ನರ್ಸುಗಳು ಹತ್ತು ಹದಿನೈದು ನಿಮಿಷ ಅದನ್ನು ನಿಭಾಯಿಸುತ್ತಾರೆ. ಎಲ್ಲವೂ ವಿಡಿಯೊದಲ್ಲಿ ದಾಖಲಾಗುತ್ತದೆ. ಮೂರನೆಯದು ಡಿಬ್ರೀಫಿಂಗ್, ಅಂದರೆ ಆದದ್ದನ್ನೆಲ್ಲ ಒಟ್ಟಿಗೆ ಕುಳಿತು ಬಿಡಿಸಿ ನೋಡುವುದು. ಸನ್ನಿವೇಶಕ್ಕಿಂತ ಇದಕ್ಕೇ ಹೆಚ್ಚು ಸಮಯ ಬೇಕು.

ಕಲಿಕೆಯ ಬಹುಪಾಲು ನಡೆಯುವುದು ಈ ಮೂರನೆಯ ಹಂತದಲ್ಲಿ ಎಂಬುದು ಈ ಕ್ಷೇತ್ರದವರ ಒಮ್ಮತದ ಅನುಭವ. ನುರಿತ ಬೋಧಕರು ಅಲ್ಲಿ "ನೀನು ಅಡ್ರಿನಲಿನ್ ತಡ ಮಾಡಿದೆ" ಎಂದು ತೀರ್ಪು ಕೊಡುವುದಿಲ್ಲ. "ರಕ್ತದೊತ್ತಡ ಕುಸಿದದ್ದು ಮಾನಿಟರಿನಲ್ಲಿ ಕಂಡ ಮೇಲೂ ಮೂರು ನಿಮಿಷ ಹೋಯಿತು, ಆಗ ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು?" ಎಂದು ಕೇಳುತ್ತಾರೆ. ಡೋಸ್ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಹಿರಿಯರ ಮುಂದೆ ಬಾಯಿ ಬಿಡಲು ಅಳುಕಾಯಿತೇ, ಅಥವಾ ನರ್ಸ್ ಆಗಲೇ ಕೊಟ್ಟಿದ್ದಾರೆ ಎಂದುಕೊಂಡರೇ ಎಂಬುದು ಹೊರಬರುವುದು ಆ ಪ್ರಶ್ನೆಯಿಂದ. ಮೂರು ಕಾರಣಗಳಿಗೂ ಮದ್ದು ಬೇರೆ ಬೇರೆ.

ಅದು ಗೊಂಬೆ ಎಂದು ಗೊತ್ತಿದ್ದ ಮೇಲೆ ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ?

ಮೊದಲ ಐದು ನಿಮಿಷ ನಗುವವರಿರುತ್ತಾರೆ. ಆಮ್ಲಜನಕದ ಪ್ರಮಾಣ ಇಳಿಯುತ್ತ ಮಾನಿಟರಿನ ಸದ್ದಿನ ಸ್ಥಾಯಿ ಇಳಿಯತೊಡಗಿದರೆ, ಸಹೋದ್ಯೋಗಿಗಳು ನೋಡುತ್ತಿದ್ದಾರೆಂಬ ಅರಿವೂ ಸೇರಿ, ನಗು ತಾನಾಗಿ ನಿಲ್ಲುತ್ತದೆ. ನಿಜವಾದ ತೊಂದರೆ ಬರುವುದು ಅತಿಯಾದ ಒತ್ತಡದಿಂದ.

ನರ್ಸುಗಳಿಗೂ ಇದು ಬೇಕೇ, ಅಥವಾ ಡಾಕ್ಟರಿಗೆ ಮಾತ್ರವೇ?

ಬೇಕು, ಅದೂ ಪ್ರತ್ಯೇಕವಾಗಿ ಅಲ್ಲ, ಒಟ್ಟಿಗೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಬ್ರಾಮಿಲಿ ಎಂಬ ಪೈಲಟ್‌ನ ಪತ್ನಿ ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಶ್ವಾಸನಾಳಕ್ಕೆ ಕೊಳವೆ ಹಾಕಲು ಆಗಲಿಲ್ಲ. ಅನುಭವಿ ವೈದ್ಯರು ಮತ್ತೆ ಮತ್ತೆ ಅದೇ ಪ್ರಯತ್ನದಲ್ಲಿ ಮುಳುಗಿಹೋದರು. ಗಂಟಲಿಗೆ ರಂಧ್ರ ಮಾಡುವ ಸಲಕರಣೆಯನ್ನು ನರ್ಸ್ ತಂದಿಟ್ಟಿದ್ದರು, ಅದನ್ನು ಯಾರೂ ಬಳಸಲಿಲ್ಲ. ಕೆಲವು ದಿನಗಳ ನಂತರ ಆಕೆ ತೀರಿಕೊಂಡರು. ಅಲ್ಲಿ ಕೈಚಳಕಕ್ಕಾಗಲಿ ಸಲಕರಣೆಗಾಗಲಿ ಕೊರತೆಯಿರಲಿಲ್ಲ. ಕಂಡದ್ದನ್ನು ಗಟ್ಟಿಯಾಗಿ ಹೇಳುವ, ಹೇಳಿದ್ದನ್ನು ಕೇಳಿಸಿಕೊಳ್ಳುವ ಅಭ್ಯಾಸ ಇರಲಿಲ್ಲ. ವಿಮಾನಯಾನದಲ್ಲಿ ಇಂಥ ತರಬೇತಿ ಕಡ್ಡಾಯವಾಗಿರುವುದನ್ನು ಬಲ್ಲ ಬ್ರಾಮಿಲಿ, ಆಸ್ಪತ್ರೆಗಳಲ್ಲಿ ಮಾನವ ಅಂಶಗಳ, ಅಂದರೆ ಒತ್ತಡದಲ್ಲಿ ಮನುಷ್ಯರು ವರ್ತಿಸುವ ಬಗೆಯ, ಅಧ್ಯಯನಕ್ಕಾಗಿ 2007ರಲ್ಲಿ ಒಂದು ಸಂಘವನ್ನೇ ಕಟ್ಟಿದರು.

ಸ್ಟ್ಯಾನ್‌ಫೋರ್ಡ್‌ನ ಅರಿವಳಿಕೆ ತಜ್ಞ ಡೇವಿಡ್ ಗಾಬಾ 1980ರ ದಶಕದ ಕೊನೆಯಿಂದಲೇ ಪೈಲಟ್‌ಗಳ ಮಾದರಿಯ ತಂಡ ತರಬೇತಿಯನ್ನು ಸಿಮ್ಯುಲೇಟರಿಗೆ ಜೋಡಿಸಿದ್ದರು. ನಮ್ಮಲ್ಲಿ ಪ್ರೊಫೆಸರರ ಮಾತಿಗೆ ಎದುರಾಡದಿರುವುದೇ ವಿನಯ ಎಂಬ ಭಾವನೆ ಬೇರೂರಿರುವುದರಿಂದ, ಕೈಕೆಲಸಕ್ಕಿಂತ ಇದನ್ನು ಕಲಿಸುವುದೇ ಹೆಚ್ಚು ಕಷ್ಟ.

ಇದರಿಂದ ರೋಗಿಗಳಿಗೆ ನಿಜವಾಗಿ ಒಳ್ಳೆಯದಾಗಿದೆ ಎನ್ನಲು ಪುರಾವೆ ಇದೆಯೇ?

ಇದೆ, ಆದರೆ ಎಲ್ಲ ಕೌಶಲಗಳಿಗೂ ಸಮನಾಗಿ ಇಲ್ಲ. ಗಟ್ಟಿಯಾದ ಮೂರು ಉದಾಹರಣೆಗಳನ್ನು ನೋಡೋಣ.

ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ನಿಂದ ರಕ್ತಕ್ಕೆ ಸೋಂಕು ಹತ್ತುವುದು ತೀವ್ರ ನಿಗಾ ಘಟಕಗಳ ಹಳೆಯ ಪಿಡುಗು. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಬಾರ್ಸುಕ್ ಮತ್ತು ಸಂಗಡಿಗರು, ಸಿಮ್ಯುಲೇಟರಿನಲ್ಲಿ ನಿಗದಿತ ಮಟ್ಟ ಮುಟ್ಟಿದ ನಂತರವೇ ತರಬೇತಿಯ ವೈದ್ಯರನ್ನು ರೋಗಿಯ ಬಳಿಗೆ ಬಿಡುವ ಕ್ರಮ ತಂದರು. 2009ರಲ್ಲಿ ಅವರು ಪ್ರಕಟಿಸಿದಂತೆ, ಪ್ರತಿ ಸಾವಿರ ಕ್ಯಾಥೆಟರ್-ದಿನಗಳಿಗೆ (ರೋಗಿಗಳಲ್ಲಿ ಆ ಕೊಳವೆ ಇದ್ದ ದಿನಗಳ ಒಟ್ಟು ಲೆಕ್ಕ) 3.20 ಇದ್ದ ಸೋಂಕು 0.50ಕ್ಕೆ ಇಳಿಯಿತು. ಇದರ ತಿರುಳು ಮಟ್ಟ ನಿಗದಿಪಡಿಸಿದ್ದರಲ್ಲಿದೆ: ಎಷ್ಟು ಗಂಟೆ ಅಭ್ಯಾಸ ಮಾಡಿದರು ಎಂಬುದನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಮಟ್ಟ ಮುಟ್ಟಿದರೇ ಎಂದು ಮಾತ್ರ ನೋಡಿದರು.

ಯೇಲ್ ವಿಶ್ವವಿದ್ಯಾಲಯದಿಂದ 2002ರಲ್ಲಿ ಬಂದ ಅಧ್ಯಯನ 16 ಮಂದಿ ಸರ್ಜರಿ ಪಿಜಿಗಳದು. ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಪಳಗಿದವರು ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ, ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ. 29ರಷ್ಟು ವೇಗವಾಗಿ ಮಾಡಿದರು. ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಅಕ್ಕಪಕ್ಕದ ಅಂಗಾಂಶವನ್ನು ಸುಡುವ ಸಂಭವ ಆ ತರಬೇತಿ ಇಲ್ಲದವರಲ್ಲಿ ಐದು ಪಟ್ಟು ಹೆಚ್ಚಿತ್ತು. ಸಂಖ್ಯೆ ಸಣ್ಣದು ಎಂಬುದನ್ನು ಮರೆಯಬಾರದು.

ಮೂರನೆಯದು ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯದು. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಮಗುವಿನ ಭುಜ ತಾಯಿಯ ಮೂಳೆಗೆ ಸಿಕ್ಕಿಕೊಂಡರೆ ಬಿಡಿಸಲು ಕೆಲವೇ ನಿಮಿಷ ಸಿಗುತ್ತದೆ, ಅವಸರದಲ್ಲಿ ಎಳೆದರೆ ಕೈಯ ನರಗಳು ಹರಿಯುತ್ತವೆ. ಎಳೆತದ ಬಲವನ್ನು ಅಳೆಯುವ ಗೊಂಬೆಯ ಮೇಲೆ ಇಡೀ ಹೆರಿಗೆ ವಿಭಾಗಕ್ಕೆ ಪ್ರತಿವರ್ಷ ತರಬೇತಿ ಕೊಟ್ಟ ಮೇಲೆ, ಇಂಥ ಹೆರಿಗೆಗಳಲ್ಲಿ ಗಾಯಗೊಂಡ ಶಿಶುಗಳ ಪ್ರಮಾಣ ಶೇ. 9.3ರಿಂದ 2.3ಕ್ಕೆ ಇಳಿಯಿತು. ಬಹುವರ್ಷಗಳ ನಂತರ ಮತ್ತೆ ಅಳೆದಾಗಲೂ ಆ ಲಾಭ ಉಳಿದಿತ್ತು, ಯಾವ ಮಗುವಿಗೂ ಶಾಶ್ವತ ನರಹಾನಿ ಆಗಿರಲಿಲ್ಲ.

ದುಬಾರಿ ಯಂತ್ರ ಕೊಂಡಷ್ಟೂ ಒಳ್ಳೆಯ ಡಾಕ್ಟರು ತಯಾರಾಗುತ್ತಾರಾ?

ಇಲ್ಲ. ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಸಿಗುತ್ತದೆ. ಹುಟ್ಟಿದ ಕೂಡಲೇ ಉಸಿರಾಡದ ಮಗುವಿಗೆ ಮೊದಲ ನಿಮಿಷದೊಳಗೆ ನೆರವಾಗುವುದನ್ನು ಕಲಿಸುವ ಹೆಲ್ಪಿಂಗ್ ಬೇಬೀಸ್ ಬ್ರೀದ್ ಕಾರ್ಯಕ್ರಮಕ್ಕೆ ನಿಯೋನ್ಯಾಟಲಿ ಎಂಬ ಸರಳ ಗೊಂಬೆಯನ್ನು ಬಳಸುತ್ತಾರೆ. ನೀರು ತುಂಬಿದರೆ ಮಗುವಿನ ತೂಕ ಬರುತ್ತದೆ, ಅದಕ್ಕೆ ಜೋಡಿಸಿದ ಸಣ್ಣ ಗಾಳಿಯುಂಡೆಯನ್ನು ಹಿಂಡಿದರೆ ಹೊಕ್ಕುಳಬಳ್ಳಿಯಲ್ಲಿ ನಾಡಿ ಬಡಿಯುತ್ತದೆ; ಅದರಲ್ಲಿ ಮೋಟಾರೂ ಇಲ್ಲ, ಕಂಪ್ಯೂಟರೂ ಇಲ್ಲ. ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ಸಂಶೋಧಕರ ಮುಂದಾಳತ್ವದಲ್ಲಿ ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ಜಿಲ್ಲಾ ಆಸ್ಪತ್ರೆಗಳವರೆಗೆ ಹೆರಿಗೆ ಮಾಡಿಸುವವರಿಗೆ ಈ ತರಬೇತಿ ಕೊಟ್ಟು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಸತ್ತು ಹುಟ್ಟುವ ಮಕ್ಕಳ ಪ್ರಮಾಣ ಶೇ. 3.0ರಿಂದ 2.3ಕ್ಕೆ, ಹೆರಿಗೆಯ ಹೊತ್ತಿನಲ್ಲಿ ಸತ್ತವೆಂದು ಎಣಿಸುವ ಮಕ್ಕಳದು 1.7ರಿಂದ 0.9ಕ್ಕೆ ಇಳಿಯಿತು. ಉಸಿರಾಡದೆ ಹುಟ್ಟಿದ ಕೆಲವು ಜೀವಂತ ಶಿಶುಗಳು ಹಿಂದೆ ಸತ್ತು ಹುಟ್ಟಿದವುಗಳ ಲೆಕ್ಕಕ್ಕೆ ಸೇರಿಹೋಗುತ್ತಿದ್ದವು ಎಂಬುದು ಇದರಿಂದ ಹೊರಡುವ, ಮನ ಕಲಕುವ ಅರ್ಥ. ಆದರೆ ಅದೇ ಅಧ್ಯಯನದಲ್ಲಿ ನವಜಾತ ಶಿಶುಗಳ ಮರಣ ಪ್ರಮಾಣ ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗೆಂದು ದೊಡ್ಡ ಯಂತ್ರ ವ್ಯರ್ಥವೆಂದಲ್ಲ. ತೀವ್ರ ನಿಗಾ ಘಟಕದ ತಂಡಕ್ಕೆ ಕ್ಷಣಕ್ಷಣಕ್ಕೆ ಬದಲಾಗುವ ರೋಗಿ ಬೇಕು, ಅದನ್ನು ಸರಳ ಗೊಂಬೆ ಕೊಡಲಾರದು. ಹೊಲಿಗೆ ಹಾಕುವುದನ್ನು ಕಲಿಯಲು ಮಾತ್ರ ಹಲವು ಲಕ್ಷದ ಯಂತ್ರ ಬೇಕಿಲ್ಲ. ಏನನ್ನು ಕಲಿಸಬೇಕೆಂದು ನಿರ್ಧರಿಸದೆ ಮೊದಲು ಯಂತ್ರ ಕೊಂಡ ಕಾಲೇಜುಗಳಲ್ಲಿ ಅದು ಪರಿಶೀಲನಾ ತಂಡ ಬಂದ ದಿನ ಮಾತ್ರ ಹೊದಿಕೆ ಕಳಚುತ್ತದೆ.

ನಮ್ಮ ಮಗಳು ಎಂಬಿಬಿಎಸ್ ಸೇರುತ್ತಿದ್ದಾಳೆ. ಕಾಲೇಜಿನಲ್ಲಿ ಇದು ಕಡ್ಡಾಯವೇ? ಏನು ವಿಚಾರಿಸಬೇಕು?

2019ರಿಂದ ಜಾರಿಯಲ್ಲಿರುವ ಸಾಮರ್ಥ್ಯಾಧಾರಿತ ಪಠ್ಯಕ್ರಮ ಸ್ಕಿಲ್ ಲ್ಯಾಬ್‌ನಲ್ಲಿ, ಅಂದರೆ ಗೊಂಬೆಗಳ ಮೇಲೆ ಕೈಕೆಲಸ ಕಲಿಯುವ ಕೋಣೆಯಲ್ಲಿ, ಅಭ್ಯಾಸವನ್ನು ಬಯಸುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2020ರ ನಿಯಮಗಳು ವರ್ಷಕ್ಕೆ 150 ಸೀಟುಗಳವರೆಗಿನ ಕಾಲೇಜಿಗೆ ಕನಿಷ್ಠ 600 ಚದರ ಮೀಟರ್ ಲ್ಯಾಬ್ ಇರಬೇಕೆಂದವು. ಹೀಗಾಗಿ ಲ್ಯಾಬ್ ಇದೆಯೇ ಎಂಬ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದರ ಬಾಗಿಲು ಸಂಜೆ ತೆರೆದಿರುತ್ತದೆಯೇ, ಅದಕ್ಕೆಂದೇ ನೇಮಿಸಿದ ಬೋಧಕರಿದ್ದಾರೆಯೇ, ಒಂದು ಗೊಂಬೆಯ ಸುತ್ತ ಎಷ್ಟು ವಿದ್ಯಾರ್ಥಿಗಳು ನಿಲ್ಲುತ್ತಾರೆ ಎಂದು ಮೂರನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಮೂವತ್ತು ಮಂದಿ ನಿಂತು ಒಬ್ಬರು ಮಾಡುವುದನ್ನು ನೋಡಿದರೆ ಅದು ಪ್ರಾತ್ಯಕ್ಷಿಕೆಯಷ್ಟೆ.

## ಇನ್ನಷ್ಟು ಆಳದ ಪ್ರಶ್ನೆಗಳು

ಸಿಮ್ಯುಲೇಟರ್ ತಪ್ಪು ಅಭ್ಯಾಸವನ್ನೇ ಕಲಿಸುವ ಅಪಾಯವಿಲ್ಲವೇ?

ಇದೆ, ಇದನ್ನು ಮಾರಾಟಗಾರರು ಹೇಳುವುದಿಲ್ಲ. ಗೊಂಬೆಯ ಗಂಟಲು ಒಂದೇ ಅಳತೆಯದು. ಅದರ ಮೇಲೆ ಐವತ್ತು ಸಲ ಕೊಳವೆ ಹಾಕಿದವರು ಆ ಗಂಟಲನ್ನು ಕಲಿತಿರುತ್ತಾರೆ, ದಪ್ಪ ಕುತ್ತಿಗೆಯ ಅಥವಾ ಬಾಯಿ ಪೂರ್ತಿ ತೆರೆಯಲಾಗದ ರೋಗಿಯನ್ನಲ್ಲ. ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದ ರೋಗಿಗಳು ನಮ್ಮಲ್ಲಿ ಸಾಮಾನ್ಯ. ಹೊರದೇಶದಲ್ಲಿ ತಯಾರಾದ ಮಾದರಿಗಳು ಆ ಕಷ್ಟವನ್ನು ಗಮನದಲ್ಲಿಟ್ಟು ಮಾಡಿದವಲ್ಲ. ಗೊಂಬೆಗೆ ಸೋಂಕು ಹತ್ತುವುದಿಲ್ಲವಾದ್ದರಿಂದ ಕೈ ತೊಳೆಯದೆ, ಒಂದೇ ಗ್ಲೋವ್ಸ್‌ನಲ್ಲಿ ಕೆಲಸ ಮುಗಿಸುವ ಚಾಳಿಯೂ ಬೆಳೆಯಬಹುದು. ಬೋಧಕರು ಅದನ್ನು ಕಂಡೂ ಕಾಣದಂತಿದ್ದರೆ ಆ ಚಾಳಿ ವಾರ್ಡಿಗೂ ಹೋಗುತ್ತದೆ. ಇನ್ನೊಂದು ಅಪಾಯ ಹುಸಿ ಧೈರ್ಯ: ಯಂತ್ರದ ಅಂಕಪಟ್ಟಿಯಲ್ಲಿ 95 ಬಂದವರು ಹಿರಿಯರನ್ನು ಕರೆಯಬೇಕಾದ ಹೊತ್ತಿನಲ್ಲಿ ಕರೆಯದಿರಬಹುದು.

ರೋಬೋಟಿಕ್ ಸರ್ಜರಿಯ ಸಿಮ್ಯುಲೇಟರಿನಲ್ಲಿ ಹೆಚ್ಚು ಅಂಕ ಪಡೆದವರು ಒಳ್ಳೆಯ ಸರ್ಜನ್ ಎನ್ನಬಹುದೇ?

ಯಂತ್ರದ ಮೇಲೆ ಹಿಡಿತವಿದೆ ಎನ್ನಬಹುದು, ಅಷ್ಟೇ. ಉಪಕರಣದ ತುದಿ ಎಷ್ಟು ದೂರ ಅಲೆಯಿತು, ಎಷ್ಟು ಸಲ ದೃಷ್ಟಿಯಿಂದ ಹೊರಗೆ ಹೋಯಿತು, ಉಪಕರಣಗಳು ಎಷ್ಟು ಸಲ ಡಿಕ್ಕಿಯಾದವು, ಎಳೆತ ಮಿತಿ ಮೀರಿತೇ ಎಂಬುದನ್ನು ಸಿಮ್ಯುಲೇಟರ್ ನಿಖರವಾಗಿ ಅಳೆಯುತ್ತದೆ. 2024ರಲ್ಲಿ ಬಂದ ಡ ವಿಂಚಿ 5ಕ್ಕಿಂತ ಹಿಂದಿನ ಡ ವಿಂಚಿ ಮಾದರಿಗಳಲ್ಲಿ ಅಂಗಾಂಶದ ಒತ್ತಡ ಕೈಗೆ ತಿಳಿಯುತ್ತಿರಲಿಲ್ಲ, ದಾರ ಬಿಗಿಯಾದದ್ದನ್ನು ಕಣ್ಣಿನಿಂದಲೇ ಅಂದಾಜಿಸಬೇಕಿತ್ತು. ಆ ಕಣ್ಣಂದಾಜು ಬೆಳೆಯಲು ಯಂತ್ರದ ಮುಂದಿನ ಗಂಟೆಗಳು ಬಹಳ ನೆರವಾಗುತ್ತವೆ. ಆದರೆ ಈ ರೋಗಿಗೆ ಶಸ್ತ್ರಚಿಕಿತ್ಸೆಯೇ ಬೇಡ ಎಂಬ ನಿರ್ಧಾರವನ್ನಾಗಲಿ, ನಡುವೆ ರಕ್ತಸ್ರಾವವಾದಾಗ ರೋಬೋಟ್ ಬಿಟ್ಟು ಹೊಟ್ಟೆ ತೆರೆಯುವ ತೀರ್ಮಾನವನ್ನಾಗಲಿ ಅಂಕಪಟ್ಟಿ ಅಳೆಯುವುದಿಲ್ಲ.

ಹಾಗಾದರೆ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಪಾಸಾದವರಿಗೇ ಪರವಾನಗಿ ಕೊಡಬಹುದಲ್ಲ?

ಭಾಗಶಃ ಆ ದಾರಿ ತೆರೆದಿದೆ. ಅಮೆರಿಕದ ಸರ್ಜರಿ ಮಂಡಳಿ, ಲ್ಯಾಪರೊಸ್ಕೋಪಿಯ ಮೂಲ ಕೌಶಲಗಳ ಪರೀಕ್ಷೆಯಾದ ಎಫ್‌ಎಲ್‌ಎಸ್‌ನಲ್ಲಿ ತೇರ್ಗಡೆಯಾಗುವುದನ್ನು 2009ರ ಸುಮಾರಿನಿಂದ ತನ್ನ ಪ್ರಮಾಣಪತ್ರಕ್ಕೆ ಅಗತ್ಯವೆಂದು ಮಾಡಿತು. ಆ ಪರೀಕ್ಷೆಯ ಕೈಕೆಲಸದ ಭಾಗ ನಡೆಯುವುದು ಕ್ಯಾಮೆರಾ ಇರುವ ಸಾದಾ ಪೆಟ್ಟಿಗೆಯೊಳಗೆ. ಕುತ್ತಿಗೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಸಾಧನಕ್ಕೆ 2004ರಲ್ಲಿ ಅನುಮತಿ ನೀಡುವಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಿಮ್ಯುಲೇಟರ್ ತರಬೇತಿಯನ್ನು ವೈದ್ಯರ ತಯಾರಿಯ ಭಾಗವಾಗಿ ಒಪ್ಪಿಕೊಂಡಿತು. ಮೂಲ ಕೌಶಲಗಳ ಮಟ್ಟಿಗೆ ಇಂಥ ಹೊಸ್ತಿಲು ನಮ್ಮ ದೇಶದಲ್ಲಿಯೂ ಬರಬೇಕೆಂಬುದು ಈ ಲೇಖಕನ ಅಭಿಪ್ರಾಯ. ಪೂರ್ಣ ವೈದ್ಯನನ್ನು ಯಂತ್ರದ ಅಂಕಗಳಿಂದ ಅಳೆಯುವುದಕ್ಕೆ ಮಾತ್ರ ಒಪ್ಪಿಗೆಯಿಲ್ಲ.

ಒಮ್ಮೆ ಕಲಿತದ್ದು ಎಷ್ಟು ಕಾಲ ಕೈಯಲ್ಲಿರುತ್ತದೆ?

ನಿರೀಕ್ಷೆಗಿಂತ ಕಡಿಮೆ ಕಾಲ. ಹೃದಯ ನಿಂತಾಗ ಮಾಡುವ ಸಿಪಿಆರ್‌ನಲ್ಲಿ ವಯಸ್ಕರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಈ ಹದ ಕೆಲವೇ ತಿಂಗಳಲ್ಲಿ ಸಡಿಲಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಇಡೀ ದಿನದ ತರಬೇತಿ ನಡೆಸುವುದಕ್ಕಿಂತ, ವಾರ್ಡಿನ ಮೂಲೆಯಲ್ಲೇ ಗೊಂಬೆಯಿಟ್ಟು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಅಭ್ಯಾಸ ಮಾಡಿಸುವ ಪದ್ಧತಿ ಈಗ ಹೆಚ್ಚುತ್ತಿದೆ.

ಸನ್ನಿವೇಶದಲ್ಲಿ ಗೊಂಬೆಯನ್ನು ಸಾಯಲು ಬಿಡಬೇಕೇ?

ಬೋಧಕರ ನಡುವೆ ಇನ್ನೂ ಇತ್ಯರ್ಥವಾಗದ ಪ್ರಶ್ನೆಯಿದು. ನಿಜ ಜೀವನದಲ್ಲಿ ತಪ್ಪಿಗೆ ಫಲವಿರುವುದರಿಂದ ಇಲ್ಲಿಯೂ ಇರಬೇಕು ಎನ್ನುವವರಿದ್ದಾರೆ. ಹೊಸ ವಿದ್ಯಾರ್ಥಿಯ ಕೈಯಲ್ಲಿ ರೋಗಿ ಸತ್ತರೆ ಕುಗ್ಗಿದ ಮನಸ್ಸು ಆಮೇಲೆ ಹೇಳಿದ ಯಾವುದನ್ನೂ ಹಿಡಿದುಕೊಳ್ಳುವುದಿಲ್ಲ ಎನ್ನುವವರೂ ಇದ್ದಾರೆ. ಸಾವಿನ ಸುದ್ದಿಯನ್ನು ಮನೆಯವರಿಗೆ ತಿಳಿಸುವುದೇ ಆ ದಿನದ ಪಾಠವಾಗಿದ್ದರೆ, ಅದನ್ನು ಮೊದಲೇ ತಿಳಿಸಿ, ಸಾವನ್ನು ಸನ್ನಿವೇಶದ ಭಾಗವಾಗಿಯೇ ಇಡುವುದು ಸರಿ. ಉಳಿದಂತೆ, ವಿಶೇಷವಾಗಿ ಎಂಬಿಬಿಎಸ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ತರಗತಿಯಲ್ಲಿ, ಸ್ಥಿತಿ ಕೈಮೀರುವ ಮುನ್ನ ಸನ್ನಿವೇಶ ನಿಲ್ಲಿಸಿ, ಡಿಬ್ರೀಫಿಂಗ್ ಮುಗಿಸಿ, ಅದೇ ತಂಡಕ್ಕೆ ಅದೇ ಸನ್ನಿವೇಶವನ್ನು ಅಂದೇ ಇನ್ನೊಮ್ಮೆ ಕೊಡುವುದು ಒಳ್ಳೆಯದು.